ಚಿತ್ರ ಮಸುಕಾದರೆ ತಪ್ಪು ಯಾರದು?

ನನ್ನ ಸೋದರಮಾವನವರಿಗೆ ಎಂಬತ್ತು ತುಂಬಿದಾಗ ಸಹಸ್ರಚಂದ್ರದರ್ಶನ ಶಾಂತಿ ನಡೆದದ್ದು ತೀರ್ಥಹಳ್ಳಿಯ ಕಡೆಯ ಅವರ ಹಳೆಯ ಹೆಂಚಿನ ಮನೆಯಲ್ಲಿ. "ಪೇಟೆಯಿಂದ ಫೋಟೋದವರನ್ನು ಕರೆಸುವುದೇಕೆ? ನಮ್ಮ ಮೇಷ್ಟ್ರೇ ಇದ್ದಾರಲ್ಲ!" ಎಂದು ಮನೆಮಂದಿಯೆಲ್ಲ ಒಮ್ಮತದಿಂದ ತೀರ್ಮಾನಿಸಿ ಆ ಭಾರವನ್ನು ನನ್ನ ಕೊರಳಿಗೆ ಕಟ್ಟಿದರು. ನನ್ನಲ್ಲಿ 2014ರಲ್ಲಿ ಕೊಂಡ ಡಿಜಿಟಲ್ ಕ್ಯಾಮರಾ ಒಂದಿತ್ತು. ಅದನ್ನು ಹಿಡಿದು ಬೆಳಗಿನ ಸಂಕಲ್ಪದಿಂದ ಮಧ್ಯಾಹ್ನದ ಊಟದವರೆಗೆ 214 ಚಿತ್ರಗಳನ್ನು ತೆಗೆದೆ. ಕ್ಯಾಮರಾದ ಬೆನ್ನಿನ ಮೇಲಿರುವ ಅಂಗೈಯಗಲದ ಪರದೆಯಲ್ಲಿ ಎಲ್ಲವೂ ಸೊಗಸಾಗಿಯೇ ಕಾಣುತ್ತಿದ್ದವು. ರಾತ್ರಿ ಕಂಪ್ಯೂಟರಿಗೆ ಹಾಕಿ ದೊಡ್ಡದಾಗಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಅಂಗಳದಲ್ಲಿ ತೆಗೆದವು ಚೆನ್ನಾಗಿದ್ದವು. ಮನೆಯೊಳಗೆ ತೆಗೆದವುಗಳಲ್ಲಿ ಮುಖ ಸ್ಪಷ್ಟವಾಗಿದ್ದದ್ದು ಹತ್ತೋ ಹನ್ನೆರಡೋ, ಉಳಿದದ್ದೆಲ್ಲ ಮಂಜು.

ಅವುಗಳಲ್ಲೊಂದು ಚಿತ್ರದಲ್ಲಿ ಮಾವನ ಪಕ್ಕದಲ್ಲಿ ಕುಳಿತ ಅತ್ತೆ ಯಾರದೋ ಮಾತಿಗೆ ನಗುತ್ತಿದ್ದಾರೆ. ಶಾಂತಿ ಮುಗಿದ ನಾಲ್ಕು ತಿಂಗಳಿಗೆ ಅತ್ತೆ ತೀರಿಕೊಂಡರು. ಇಬ್ಬರೂ ಜೊತೆಗಿರುವ ಒಂದು ಒಳ್ಳೆಯ ಚಿತ್ರ ಬೇಕೆಂದು ಮಾವನ ಮಗ ಕೇಳಿದಾಗ ಕೊಡಲು ನನ್ನಲ್ಲಿದ್ದದ್ದು ಇದೊಂದೇ, ಮತ್ತು ಇದರಲ್ಲಿ ಅತ್ತೆಯ ಮುಖ ಕದಡಿದ ನೀರಿನಲ್ಲಿ ಕಂಡ ನೆರಳಿನಂತಿತ್ತು. ನನಗಾದ ಸಂಕಟವನ್ನು ಹೇಳುವುದು ಬೇಡ. ಈ ಹಾಳು ಕ್ಯಾಮರಾವನ್ನು ಮಾರಿ ಬೇರೆಯದನ್ನು ಕೊಳ್ಳುವುದೆಂದು ಅಂದೇ ನಿಶ್ಚಯಿಸಿ, ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯನಲ್ಲಿಗೆ ಹೋದೆ. ಅವನು ಕ್ಯಾಮರಾವನ್ನು ಮುಟ್ಟಲೇ ಇಲ್ಲ. "ಮೇಷ್ಟ್ರೇ, ಮೊದಲು ಚಿತ್ರಗಳ ಜಾತಕ ನೋಡೋಣ, ಮಾರುವ ಮಾತು ಆಮೇಲೆ" ಎಂದ.

ಜಾತಕವೆಂದು ಅವನು ಹೇಳಿದ್ದು ಬರಿಯ ತಮಾಷೆಗಲ್ಲ. ಡಿಜಿಟಲ್ ಕ್ಯಾಮರಾ ಪ್ರತಿಯೊಂದು ಚಿತ್ರದ ಜೊತೆಗೂ ಅದು ಹುಟ್ಟಿದ ದಿನ, ಗಳಿಗೆ, ಬೆಳಕಿಗೆ ಬಾಗಿಲು ತೆರೆದಿಟ್ಟ ಕಾಲ, ಬಾಗಿಲಿನ ಅಗಲ, ಬೆಳಕನ್ನು ಹಿಗ್ಗಿಸಿದ ಪ್ರಮಾಣ ಇಷ್ಟನ್ನೂ ಬರೆದಿಟ್ಟುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಚಿತ್ರದ ವಿವರಗಳನ್ನು ತೆರೆದರೆ ಇವೆಲ್ಲ ಕಾಣುತ್ತವೆ. ಆದರೆ ಮೂಲ ಚಿತ್ರವನ್ನೇ ನೋಡಬೇಕು. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಹತ್ತು ಮನೆ ಸುತ್ತಿ ಬಂದ ಪ್ರತಿಯನ್ನು ನೋಡಿ ಕ್ಯಾಮರಾವನ್ನು ಬಯ್ಯುವವರಿದ್ದಾರೆ. ಅಂಥ ಪ್ರತಿಯನ್ನು ದಾರಿಯಲ್ಲೇ ಹಿಂಡಿ ಚಿಕ್ಕದು ಮಾಡಿರುತ್ತಾರೆ, ಜಾತಕವೂ ಉದುರಿಹೋಗಿರುತ್ತದೆ.

ಅಂಗಳದ ಒಂದು ಚಿತ್ರದ ಜಾತಕ ಹೀಗಿತ್ತು: ಷಟರ್ ತೆರೆದಿದ್ದ ಕಾಲ 1/1000 ಸೆಕೆಂಡು, ಲೆನ್ಸಿನ ರಂಧ್ರ ಎಫ್ 11, ಐಎಸ್‌ಒ 400. ಅತ್ತೆ ನಗುತ್ತಿದ್ದ ಚಿತ್ರದ್ದು: 1/8 ಸೆಕೆಂಡು, ಎಫ್ 5.6, ಐಎಸ್‌ಒ ಅದೇ 400. ಎಂದರೆ ಒಳಗೆ ಷಟರ್ ತೆರೆದಿದ್ದ ಕಾಲ 125 ಪಟ್ಟು ಹೆಚ್ಚು. ರಂಧ್ರದ ವಿಸ್ತೀರ್ಣವೂ ಹೆಚ್ಚುಕಡಮೆ ನಾಲ್ಕು ಪಟ್ಟು ದೊಡ್ಡದು. ಎರಡನ್ನೂ ಗುಣಿಸಿದರೆ ಅಂಗಳಕ್ಕೂ ನಡುಮನೆಗೂ ಬೆಳಕಿನಲ್ಲಿ ಸುಮಾರು ಐನೂರು ಪಟ್ಟು ಅಂತರವಿತ್ತೆಂದಾಯಿತು. ನಮ್ಮ ಕಣ್ಣಿಗೆ ಇದು ತಿಳಿಯುವುದಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದ ಕೆಲವು ಕ್ಷಣಗಳಲ್ಲಿ ಕಣ್ಣು ಹೊಂದಿಕೊಂಡು, ಏನೂ ಆಗದವರಂತೆ ನಮ್ಮನ್ನು ಓಡಾಡಿಸುತ್ತದೆ. ಕ್ಯಾಮರಾಕ್ಕೆ ಅಂಥ ಉಪಚಾರ ಗೊತ್ತಿಲ್ಲ. ಬೆಳಕು ಕಡಮೆಯಾದರೆ ಅದು ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡಬೇಕು, ಅಷ್ಟೆ.

ಬಾಗಿಲು ತೆರೆದಿರುವಾಗ ಜನ ಅಲುಗಾಡಿದರೆ ಏನಾಗುತ್ತದೆ ಎಂಬುದಕ್ಕೆ ಛಾಯಾಗ್ರಹಣದ ಬಾಲ್ಯದಿಂದಲೇ ಒಂದು ಉದಾಹರಣೆಯುಂಟು. 1838ರಲ್ಲಿ ಡಾಗೇರ್ ಎಂಬಾತ ಪ್ಯಾರಿಸ್ಸಿನ ಒಂದು ಹೆದ್ದಾರಿಯ ಚಿತ್ರ ತೆಗೆದ. ಹಲವು ನಿಮಿಷ ಬೆಳಕು ಬೀಳಿಸಬೇಕಾಗಿದ್ದ ಕಾಲ ಅದು. ಜನ, ಕುದುರೆ, ಗಾಡಿಗಳಿಂದ ತುಂಬಿದ್ದ ಬೀದಿ ಚಿತ್ರದಲ್ಲಿ ಬರಿದಾಗಿ ಬಂತು. ನಡೆಯುತ್ತಿದ್ದವರು ಯಾರೂ ಗುರುತುಳಿಸಲಿಲ್ಲ. ಒಂದು ಮೂಲೆಯಲ್ಲಿ ನಿಂತು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತಿದ್ದ ಒಬ್ಬನ ಆಕೃತಿ ಮಾತ್ರ ಉಳಿಯಿತು, ಏಕೆಂದರೆ ಅವನೊಬ್ಬ ಸುಮ್ಮನೆ ನಿಂತಿದ್ದ. ನಮ್ಮ ನಡುಮನೆಯಲ್ಲಿ ನಡೆದದ್ದೂ ಅದರ ಮರಿಯೇ. ಸೆಕೆಂಡಿಗೆ ಒಂದು ಮೀಟರಿನಂತೆ ಮೆಲ್ಲಗೆ ನಡೆಯುವವರು 1/8 ಸೆಕೆಂಡಿನಲ್ಲಿ ಸುಮಾರು 12 ಸೆಂಟಿಮೀಟರು, ಎಂದರೆ ಐದು ಅಂಗುಲದಷ್ಟು, ಸರಿದುಬಿಡುತ್ತಾರೆ. ನಗುವಾಗ ತಿರುಗಿದ ತಲೆ ಅಷ್ಟು ಸರಿಯದಿದ್ದರೂ ಕಣ್ಣು ಮೂಗುಗಳ ಗೆರೆ ಅಳಿಸಿಹೋಗುವಷ್ಟು ಸರಿದಿರುತ್ತದೆ.

ಇಲ್ಲಿ ನನಗೊಂದು ಸಂಶಯ ಬಂತು. ಅಲುಗಿದ್ದು ನನ್ನ ಕೈಯೇ ಏಕಾಗಿರಬಾರದು? ಗೆಳೆಯ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿ ಅತ್ತೆಯ ಪಕ್ಕದಲ್ಲೇ ಇದ್ದ ಕಲಶವನ್ನು ತೋರಿಸಿದ. ಮಾವಿನೆಲೆಯ ನರಗಳನ್ನು ಎಣಿಸಬಹುದಾಗಿತ್ತು! ಕ್ಯಾಮರಾ ಅಲುಗಿದ್ದರೆ ಕಲಶವೂ ಅಲುಗಬೇಕಿತ್ತು. ಫೋಕಸ್ ತಪ್ಪಿದ್ದರೆ ಅಷ್ಟೇ ದೂರದಲ್ಲಿದ್ದ ಕಲಶವೂ ಮಸುಕಾಗಬೇಕಿತ್ತು. ಎರಡೂ ಆಗಿಲ್ಲವಾದ್ದರಿಂದ ಅಲುಗಿದವರು ಅತ್ತೆಯೇ. ಲೆನ್ಸಿನೊಳಗಿರುವ ಕಂಪನನಿವಾರಕ ನನ್ನ ಕೈನಡುಕವನ್ನು ಆ ಸಲ ಹಿಡಿದು ನಿಲ್ಲಿಸಿತ್ತು. ಆದರೆ ಎದುರಿಗೆ ಕುಳಿತವರನ್ನು ಹಿಡಿದು ನಿಲ್ಲಿಸುವ ಯಂತ್ರವನ್ನು ಯಾರೂ ಮಾಡಿಲ್ಲ. ಕಂಪನನಿವಾರಕವಿದ್ದರೆ ಚಿತ್ರ ಮಸುಕಾಗುವುದೇ ಇಲ್ಲವೆಂದು ಅಂಗಡಿಯವರು ಹೇಳಿದರೆ ಈ ಮಾತನ್ನು ನೆನೆದುಕೊಳ್ಳಬೇಕು.

ಹೀಗೆ ಒಂದೊಂದೇ ಚಿತ್ರ ನೋಡುತ್ತ ಹೋದಂತೆ, ನಾನು ಒಂದೇ ರೋಗವೆಂದು ತಿಳಿದದ್ದು ಹಲವು ರೋಗಗಳೆಂದು ಗೊತ್ತಾಯಿತು. ಜನರ ತಲೆಯ ಮೇಲಿಂದ ಕೈಯೆತ್ತಿ ತೆಗೆದ ಚಿತ್ರಗಳಲ್ಲಿ ದೀಪ, ಕಂಬ, ಮುಖ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದವು. ದೀಪದ ಕುಡಿ ಚುಕ್ಕಿಯಾಗಿರದೆ ಗೆರೆಯಾಗಿತ್ತು. ಅದು ನಿಸ್ಸಂದೇಹವಾಗಿ ಕೈಯ ಅಲುಗಾಟ. ಇದಕ್ಕೆ ಹಳಬರದೊಂದು ಲೆಕ್ಕವಿದೆ: ಲೆನ್ಸಿನ ಸಂಗಮದೂರ 50 ಮಿಲಿಮೀಟರಾದರೆ ಷಟರ್ 1/50 ಸೆಕೆಂಡಿಗಿಂತ ನಿಧಾನವಾಗಬಾರದು, 200 ಆದರೆ 1/200ಕ್ಕಿಂತ ನಿಧಾನವಾಗಬಾರದು. ಈ ಲೆಕ್ಕ 36 ಮಿಲಿಮೀಟರು ಅಗಲದ ಫಿಲ್ಮಿನ ಚೌಕಟ್ಟಿಗೆ ಕಟ್ಟಿದ್ದು. ಮನೆಬಳಕೆಯ ಬಹುಪಾಲು ಡಿಜಿಟಲ್ ಕ್ಯಾಮರಾಗಳಲ್ಲಿ ಬೆಳಕು ಹಿಡಿಯುವ ಫಲಕ ಅದಕ್ಕಿಂತ ಚಿಕ್ಕದಾಗಿರುವುದರಿಂದ ಒಂದೂವರೆ ಪಟ್ಟು ಸೇರಿಸಿಕೊಳ್ಳುವುದು ಒಳ್ಳೆಯದು, 50ಕ್ಕೆ 1/75. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬೆನ್ನನ್ನು ಕಂಬಕ್ಕೋ ಗೋಡೆಗೋ ಆನಿಸಿ, ಅರ್ಧ ಉಸಿರು ಬಿಟ್ಟು ಮೆಲ್ಲಗೆ ಗುಂಡಿಯನ್ನು ಒತ್ತಿದರೆ ಇನ್ನೂ ಸ್ವಲ್ಪ ಉಳಿತಾಯ. ಗುಂಡಿಯನ್ನು ಕುಟ್ಟುವವರೇ ಹೆಚ್ಚು, ನಾನೂ ಒಬ್ಬ.

ಇನ್ನು ಕೆಲವು ಚಿತ್ರಗಳಲ್ಲಿ ಏನೂ ಎಳೆದಂತಿರಲಿಲ್ಲ, ಆದರೂ ಮಾವನ ಮುಖ ಮೆತ್ತಗಾಗಿತ್ತು. ಹುಡುಕಿದಾಗ ಅವರ ಮುಂದೆ ಒಂದು ಮೊಳ ದೂರದಲ್ಲಿದ್ದ ಹಿತ್ತಾಳೆಯ ದೀಪದ ಕಂಬ ಥಳಥಳ ಹೊಳೆಯುತ್ತಿತ್ತು. ಎಲ್ಲಿ ನೋಡಬೇಕೆಂಬುದನ್ನು ನಾನು ಕ್ಯಾಮರಾಕ್ಕೇ ಬಿಟ್ಟಿದ್ದೆ. ಹಾಗೆ ಬಿಟ್ಟಾಗ ಅದು ಅನೇಕ ವೇಳೆ ಹತ್ತಿರದಲ್ಲಿರುವ, ಕಪ್ಪುಬಿಳುಪಿನ ಅಂಚು ಎದ್ದುಕಾಣುವ ವಸ್ತುವನ್ನು ಹಿಡಿಯುತ್ತದೆ. ಮಾವನೇ ಯಜಮಾನರೆಂಬುದು ಅದಕ್ಕೇನು ಗೊತ್ತು? ಹಲವು ಚುಕ್ಕಿಗಳ ಬದಲು ಫೋಕಸಿಗೆ ಒಂದೇ ಚುಕ್ಕಿಯನ್ನು ಆರಿಸಿ, ಅದನ್ನು ಕಣ್ಣಿನ ಮೇಲಿಟ್ಟು, ಗುಂಡಿಯನ್ನು ಅರ್ಧ ಒತ್ತಿ, ಕ್ಯಾಮರಾ 'ಸಿಕ್ಕಿತು' ಎಂದು ಸೂಚನೆ ಕೊಟ್ಟ ಮೇಲೆ ಪೂರ್ತಿ ಒತ್ತಬೇಕು. ರೇಡಿಯೋದ ಮುಳ್ಳನ್ನು ನಿಲ್ದಾಣದ ಮೇಲೆ ತಂದು ನಿಲ್ಲಿಸುವಷ್ಟೇ ತಾಳ್ಮೆ ಇದಕ್ಕೂ ಬೇಕು.

ಹಾಗಾದರೆ ನಡುಮನೆಯಲ್ಲಿ ನಾನು ಏನು ಮಾಡಬಹುದಾಗಿತ್ತು? ಇದನ್ನು ಕೇಳಿದಾಗ ಗೆಳೆಯ ಜಾತಕದ ಮೂರನೆಯ ಸಾಲಿನ ಮೇಲೆ ಬೆರಳಿಟ್ಟ: "ಐಎಸ್‌ಒ 400ಕ್ಕೇ ಏಕೆ ಅಂಟಿಕೊಂಡಿರಿ?" ಯಾರೋ ಹೇಳಿದ್ದರು, ಅದನ್ನು ಏರಿಸಿದರೆ ಚಿತ್ರ ಮರಳುಮರಳಾಗುತ್ತದೆಂದು. ಮಾತು ಸುಳ್ಳಲ್ಲ. ದೂರದ ಕ್ಷೀಣವಾದ ನಿಲ್ದಾಣವನ್ನು ಕೇಳಲು ರೇಡಿಯೋದ ಧ್ವನಿಯನ್ನು ಏರಿಸಿದರೆ ಹಾಡಿನ ಜೊತೆಗೆ ಗೊರಗೊರ ಸದ್ದೂ ಏರುತ್ತದೆಯಷ್ಟೆ. ಐಎಸ್‌ಒ ಏರಿಸುವುದೂ ಹಾಗೆಯೇ. ಆದರೆ ಗೊರಗೊರದ ನಡುವೆಯೂ ಹಾಡು ಕೇಳುತ್ತದೆ! 400ರಿಂದ 3200ಕ್ಕೆ ಏರಿಸಿದ್ದರೆ ಅದೇ ಬೆಳಕಿನಲ್ಲಿ 1/8 ಸೆಕೆಂಡು 1/60ರ ಆಸುಪಾಸಿಗೆ ಇಳಿಯುತ್ತಿತ್ತು. ಅತ್ತೆಯ ನಗು ಉಳಿಯುತ್ತಿತ್ತು, ಮೇಲೆ ಒಂದಿಷ್ಟು ರವೆ ಚೆಲ್ಲಿದಂತಿರುತ್ತಿತ್ತು, ಅಷ್ಟೆ. ರವೆಯನ್ನು ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಆರಿಸಿ ತೆಗೆಯಬಹುದು. ಅಲುಗಿ ಅಳಿಸಿದ ಕಣ್ಣನ್ನು ಹಾಗೆ ಮರಳಿ ತರಲಾಗದು. ಈಗಿನ ಕೆಲವು ತಂತ್ರಾಂಶಗಳು ಮಸುಕಾದ ಮುಖವನ್ನು ಹರಿತಗೊಳಿಸಿ ಕೊಡುತ್ತವೆಂಬುದು ನಿಜ. ಅತ್ತೆಯ ಚಿತ್ರವನ್ನೂ ಒಂದಕ್ಕೆ ಕೊಟ್ಟು ನೋಡಿದೆವು. ಕಣ್ಣು, ಹಲ್ಲು, ರೆಪ್ಪೆ ಎಲ್ಲವೂ ಬಂದವು. ಆದರೆ ಆಕೆ ನಮ್ಮ ಅತ್ತೆಯಾಗಿರಲಿಲ್ಲ. ಯಂತ್ರ ತನಗೆ ಗೊತ್ತಿರುವ ಸಾವಿರಾರು ಮುಖಗಳಿಂದ ಊಹಿಸಿ ಬರೆದ ಮುಖ ಅದು. ಅಳಿಸಿಹಾಕಿದೆ.

ಫ್ಲಾಷ್ ಹಾಕಬಹುದಿತ್ತಲ್ಲ ಎಂದು ವಾಚಕರು ಕೇಳಿಯಾರು. ಹಾಕಬಹುದು, ಅದರ ಮಿಂಚು ಕ್ಷಣಾರ್ಧವೂ ಇರದೆ ಮುಗಿಯುವುದರಿಂದ ಅಲುಗಾಟವನ್ನು ಚೆನ್ನಾಗಿ ಕಟ್ಟಿಹಾಕುತ್ತದೆ. ಆದರೆ ಕ್ಯಾಮರಾದ ನೆತ್ತಿಯಿಂದ ಎದ್ದುನಿಲ್ಲುವ ಪುಟ್ಟ ಫ್ಲಾಷಿನ ಬೆಳಕು ದೂರ ಎರಡರಷ್ಟಾದರೆ ನಾಲ್ಕನೆಯ ಒಂದು ಭಾಗವಾಗುತ್ತದೆ, ಆದ್ದರಿಂದ ಕೆಲವು ಮೀಟರು ದಾಟಿದರೆ ಪ್ರಯೋಜನವಿಲ್ಲ. ಹೋಮದ ಹೊಗೆ ತುಂಬಿದಲ್ಲಿ ಮೊದಲು ಬೆಳಗುವುದು ಹೊಗೆಯೇ. ಬೇರೆ ಫ್ಲಾಷ್ ತಂದು ಬೆಳಕನ್ನು ಸೂರಿಗೆ ಹೊಡೆಸಿ ಕೆಳಕ್ಕೆ ಬೀಳಿಸುವ ಉಪಾಯ ಬಿಳಿಯ ತಾರಸಿಯ ಮನೆಗೆ ಸರಿ. ಹೊಗೆಹಿಡಿದ ಮರದ ಅಟ್ಟದ ಕೆಳಗೆ ಆ ಬೆಳಕನ್ನೆಲ್ಲ ಅಟ್ಟವೇ ಕುಡಿದುಬಿಡುತ್ತದೆ.

ಇಷ್ಟಾದರೂ ಕ್ಯಾಮರಾ ಪೂರ್ತಿ ನಿರಪರಾಧಿಯೆಂದು ಒಪ್ಪಲು ನನಗೆ ಮನಸ್ಸಿರಲಿಲ್ಲ. ಮರುದಿನ ನಮ್ಮ ಮನೆಯ ಜಗುಲಿಯಲ್ಲೇ ಪರೀಕ್ಷೆ ಮಾಡಿದೆವು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರಾದರೂ ಮಾಡಬಹುದು. ದಿನಪತ್ರಿಕೆಯ ಒಂದು ಹಾಳೆಯನ್ನು ಒಳ್ಳೆಯ ಬೆಳಕಿರುವ ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ, ಎದುರಿಗೆ ಅಲುಗದ ಮೇಜಿಟ್ಟು, ಮೇಜಿನ ಮೇಲೆ ಅಕ್ಕಿ ತುಂಬಿದ ಚಿಕ್ಕ ಚೀಲ, ಚೀಲದ ಮೇಲೆ ಕ್ಯಾಮರಾ. ಲೆನ್ಸು ಗೋಡೆಗೆ ನೆಟ್ಟಗಿರಬೇಕು. ಲೆನ್ಸಿನ ಮುಂದೆ ರಕ್ಷಣೆಗೆಂದು ತಿರುಗಿಸಿದ ಗಾಜು ಇದ್ದರೆ ತೆಗೆಯಬೇಕು; ಅಗ್ಗದ ಗಾಜು ಒಳ್ಳೆಯ ಲೆನ್ಸನ್ನೂ ಕೆಡಿಸುತ್ತದೆ. ಕಂಪನನಿವಾರಕವನ್ನು ಆರಿಸಿ, ಫೋಕಸಿನ ಚುಕ್ಕಿಯನ್ನು ನಡುವಿಗೆ ತಂದು, ತಾನೇ ಕೆಲವು ಸೆಕೆಂಡು ತಡೆದು ಚಿತ್ರ ತೆಗೆಯುವ ಏರ್ಪಾಡನ್ನು ಇಟ್ಟು ಕೈ ಬಿಟ್ಟುಬಿಡಬೇಕು. ರಂಧ್ರ ಎಫ್ 8 ಇರಲಿ; ಎಫ್ 22ರಷ್ಟು ಕಿರಿದು ಮಾಡಿದರೆ ಬೆಳಕಿನ ಅಲೆಗಳು ಅಂಚಿನಲ್ಲಿ ಬಾಗಿ ಚಿತ್ರವನ್ನು ಅವೇ ಮೆತ್ತಗೆ ಮಾಡುತ್ತವೆ. ಹೀಗೆ ತೆಗೆದ ಚಿತ್ರದಲ್ಲಿ ಸಣ್ಣಕ್ಷರಗಳು ನಾಲ್ಕು ಮೂಲೆಗೂ ಓದಲು ಬಂದರೆ ಕ್ಯಾಮರಾ ಮತ್ತು ಲೆನ್ಸು ಆರೋಗ್ಯವಾಗಿವೆ. ಒಂದು ಪಕ್ಕ ಸ್ಪಷ್ಟ, ಇನ್ನೊಂದು ಪಕ್ಕ ಮಸುಕು ಬಂದರೆ ಲೆನ್ಸು ಎಂದೋ ಬಿದ್ದು ಒಳಗಿನ ಗಾಜು ಓರೆಯಾಗಿರಬಹುದು. ಆಮೇಲೆ ಹಾಳೆಯನ್ನು ನೆಲದ ಮೇಲೆ ಹಾಸಿ, ಓರೆಯಾಗಿ ಮೇಲಿಂದ ಗುರಿಯಿಟ್ಟು, ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ, ರಂಧ್ರವನ್ನು ಪೂರ್ತಿ ತೆರೆದು ತೆಗೆಯಬೇಕು. ನಾವು ಕೇಳಿದ ಸಾಲಿಗೆ ಬದಲಾಗಿ ಪ್ರತಿ ಸಲವೂ ಅದರ ಹಿಂದಿನದೋ ಮುಂದಿನದೋ ಸ್ಪಷ್ಟವಾದರೆ ಫೋಕಸಿನ ಯಂತ್ರ ದಾರಿ ತಪ್ಪಿದೆ. ಒಳಗೆ ಕನ್ನಡಿಯಿರುವ ಕ್ಯಾಮರಾಗಳಲ್ಲಿ ಫೋಕಸ್ ಅಳೆಯುವ ಕಣ್ಣು ಬೇರೆ, ಚಿತ್ರ ಹಿಡಿಯುವ ಫಲಕ ಬೇರೆ. ಎರಡಕ್ಕೂ ಹೊಂದಿಕೆ ತಪ್ಪುವುದುಂಟು. ಕೆಲವು ಮಾದರಿಗಳಲ್ಲಿ ನಾವೇ ಸರಿಪಡಿಸಿಕೊಳ್ಳಬಹುದು, ಉಳಿದವಕ್ಕೆ ರಿಪೇರಿಯ ಅಂಗಡಿಯೇ ಗತಿ.

ನನ್ನ ಕ್ಯಾಮರಾ ಎರಡು ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತು. ಸಿಕ್ಕಿಬಿದ್ದದ್ದು ಬೀರುವಿನಲ್ಲಿದ್ದ ನನ್ನ ಇನ್ನೊಂದು ಲೆನ್ಸು. ಅದರಿಂದ ತೆಗೆದದ್ದೆಲ್ಲ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗಿ, ದೀಪಗಳ ಸುತ್ತ ಪ್ರಭಾವಳಿ ಕಟ್ಟಿತ್ತು. ಟಾರ್ಚು ಬಿಟ್ಟು ಓರೆಯಾಗಿ ನೋಡಿದಾಗ ಒಳಗಾಜಿನ ಮೇಲೆ ಜೇಡನ ಬಲೆಯಂಥ ಬೂಷ್ಟು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಲೆನ್ಸನ್ನು ಜೋಪಾನವಾಗಿ ಮುಚ್ಚಿಡುವವರೆಲ್ಲ ಬೂಷ್ಟಿಗೆ ಮನೆ ಕಟ್ಟಿಕೊಡುತ್ತಿದ್ದಾರೆ! ಬೂಷ್ಟು ಬೇರು ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ಕೊರೆದುಬಿಡುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಇಡುವುದೇ ಉಪಾಯ; ಬಣ್ಣ ಬದಲಾಯಿಸುವ ಜಾತಿಯ ಹರಳಾದರೆ ತೇವ ಕುಡಿದದ್ದು ಕಣ್ಣಿಗೆ ತಿಳಿಯುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು. ವಾರಕ್ಕೊಮ್ಮೆ ಹೊರತೆಗೆದು ಬಳಸಿದರೆ ಇನ್ನೂ ಮೇಲು. ತಂಪುಗಾಳಿಯ ಕಾರಿನಿಂದಿಳಿದು ಮಂಗಳೂರಿನ ಸೆಕೆಯಲ್ಲಿ ಥಟ್ಟನೆ ಚಿತ್ರ ತೆಗೆದರೆ ಎಲ್ಲವೂ ಮಂಜಾಗುವುದು ಬೇರೆ ಮಾತು. ಅದು ತಣ್ಣನೆಯ ಗಾಜಿನ ಮೇಲೆ ಕೂತ ನೀರು. ಕ್ಯಾಮರಾವನ್ನು ಚೀಲದಲ್ಲೇ ಅರ್ಧ ಗಂಟೆ ಬಿಟ್ಟರೆ ತಾನೇ ಹೋಗುತ್ತದೆ.

ಈಗ ಕ್ಯಾಮರಾ ಬದಲಾಯಿಸುವ ಪ್ರಶ್ನೆ. ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಮೆಗಾಪಿಕ್ಸೆಲ್ಲಿನ ಸಂಖ್ಯೆ. ಆಲ್ಬಮ್ಮಿಗೆ ಹಾಕುವ ನಾಲ್ಕು ಅಂಗುಲಕ್ಕೆ ಆರು ಅಂಗುಲದ ಅಚ್ಚಿಗೆ, ಅಂಗುಲಕ್ಕೆ 300 ಚುಕ್ಕಿಗಳಂತೆ ಲೆಕ್ಕ ಹಾಕಿದರೂ 1200ನ್ನು 1800ರಿಂದ ಗುಣಿಸಿ 21 ಲಕ್ಷ 60 ಸಾವಿರ ಚುಕ್ಕಿ ಸಾಕು. ನನ್ನ ಹಳೆಯ ಕ್ಯಾಮರಾದಲ್ಲೇ 2 ಕೋಟಿ 40 ಲಕ್ಷವಿದೆ! ಅದನ್ನು ಇನ್ನೂ ಹೆಚ್ಚಿಸಿದರೆ ಕೈನಡುಕವನ್ನು ಇನ್ನಷ್ಟು ನಿಖರವಾಗಿ ನೋಡಬಹುದೇ ಹೊರತು ನಡುಕ ನಿಲ್ಲುವುದಿಲ್ಲ.

ಬದಲಾಯಿಸಲು ನ್ಯಾಯವಾದ ಕಾರಣಗಳೂ ಇವೆ. ಜೇಬಿನಲ್ಲಿಡುವ ಹಳೆಯ ಪುಟ್ಟ ಡಿಜಿಟಲ್ ಕ್ಯಾಮರಾಗಳ ಫಲಕ ಬಹುಮಟ್ಟಿಗೆ 6 ಮಿಲಿಮೀಟರಿಗೆ ನಾಲ್ಕೂವರೆಯಷ್ಟು, ಹೆಚ್ಚುಕಡಮೆ ಒಂದು ಕಡಲೆಕಾಳಿನಷ್ಟು ಮಾತ್ರ. ಫಿಲ್ಮಿನ ಚೌಕಟ್ಟಿನ ಮೂವತ್ತನೆಯ ಒಂದು ಭಾಗ. ನಡುಮನೆಯ ಬೆಳಕಿನಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸುವುದು ಅನ್ಯಾಯ. ಅಂಥದೊಂದು ಮನೆಯಲ್ಲಿದ್ದರೆ ಈಗಿನ ಒಳ್ಳೆಯ ಮೊಬೈಲೇ ಮೇಲು, ಏಕೆಂದರೆ ಅದು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಹೊಂದಿಸಿ ಒಂದು ಮಾಡುತ್ತದೆ. ಓಡುವ ಮಕ್ಕಳು, ಆಟದ ಮೈದಾನ, ಹಾರುವ ಹಕ್ಕಿ ಇವೇ ನಿಮ್ಮ ವಿಷಯಗಳಾದರೆ ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳು ನಿಜಕ್ಕೂ ಒಂದು ಮೆಟ್ಟಲು ಮೇಲೆ: ಚಿತ್ರ ಹಿಡಿಯುವ ಫಲಕದಿಂದಲೇ ಫೋಕಸ್ ಅಳೆಯುತ್ತವೆ, ಅವುಗಳಲ್ಲಿ ಹಲವು ಕಣ್ಣನ್ನು ಗುರುತಿಸಿ ಬೆನ್ನು ಹತ್ತುತ್ತವೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳನ್ನು ಕಾದು ಕುಳಿತು ಫಿಲ್ಮಿನಲ್ಲಿ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ, ಕೂಡಿಬಂತೋ ಇಲ್ಲವೋ ಎಂಬುದು ಫಿಲ್ಮು ತೊಳೆದ ಮೇಲೆ ತಿಳಿಯುವ ಸಂಗತಿಯಾಗಿತ್ತು. ಭಾರವೂ ಒಂದು ಕಾರಣವೇ. ಭುಜ ನೋಯುತ್ತದೆಂದು ಬೀರುವಿನಲ್ಲೇ ಉಳಿಯುವ ಕ್ಯಾಮರಾ ಎಷ್ಟು ಒಳ್ಳೆಯದಾದರೇನು? ಆದರೆ ಒಂದು ಕಂಪನಿಯ ಲೆನ್ಸು ಇನ್ನೊಂದರ ಬಾಯಿಗೆ ಕೂರುವುದಿಲ್ಲವೆಂಬುದನ್ನು ಮೊದಲೇ ನೆನೆಯಬೇಕು. ಹೆಂಡಿರು ಮಕ್ಕಳಿಗೆ ಹೇಳಿದ ಖರ್ಚು ಅಲ್ಲಿ ಇಮ್ಮಡಿಯಾಗುತ್ತದೆ.

ಇವು ಯಾವುವೂ ನನಗೆ ಅನ್ವಯಿಸಲಿಲ್ಲ. ನನಗೆ ಬೇಕಾಗಿದ್ದದ್ದು ಹೆಚ್ಚು ಬೆಳಕು. ಕ್ಯಾಮರಾವನ್ನು ಉಳಿಸಿಕೊಂಡು, ಹೊಸದರ ಬೆಲೆಯ ಒಂದು ಚಿಕ್ಕ ಭಾಗಕ್ಕೆ ಎಫ್ 1.8ರ 50 ಮಿಲಿಮೀಟರು ಲೆನ್ಸನ್ನು ಕೊಂಡೆ. ಹಳೆಯದರ ಎಫ್ 5.6ಕ್ಕೆ ಹೋಲಿಸಿದರೆ ಇದು ಹತ್ತು ಪಟ್ಟಿಗೆ ಸಮೀಪ ಬೆಳಕನ್ನು ಒಳಗೆ ಬಿಡುತ್ತದೆ. ಅದೇ ನಡುಮನೆಯಲ್ಲಿ, ಐಎಸ್‌ಒ 1600ರಲ್ಲಿ, ಈಗ 1/250 ಸೆಕೆಂಡು ಸಿಗುತ್ತದೆ. ಸುಂಕವೂ ಇದೆ: ಎರಡು ಮೀಟರು ದೂರದವರನ್ನು ಹೀಗೆ ತೆಗೆದರೆ ಸ್ಪಷ್ಟವಾಗಿರುವ ಆಳ ನಾಲ್ಕೈದು ಅಂಗುಲ ಮಾತ್ರ, ಹಿಂದೆ ಮುಂದೆ ಕುಳಿತ ದಂಪತಿಗಳಲ್ಲಿ ಒಬ್ಬರು ತಪ್ಪಿಹೋಗುತ್ತಾರೆ. ಒಂದೇ ಸಾಲಿನಲ್ಲಿ ಕೂರಿಸಬೇಕು, ಇಲ್ಲವೇ ರಂಧ್ರವನ್ನು ಒಂದಿಷ್ಟು ಕಿರಿದು ಮಾಡಿ ಐಎಸ್‌ಒ ಏರಿಸಬೇಕು.

ಮಾವನ ಬಳಿ ಹೋಗಿ, ಚಿತ್ರ ಕೆಟ್ಟದ್ದು ನನ್ನ ತಪ್ಪಿನಿಂದಲೇ ಎಂದು ಹೇಳಿದೆ. ಅವರು ಮಸುಕಾದ ಆ ಚಿತ್ರವನ್ನೇ ಅಚ್ಚು ಹಾಕಿಸಿ ತರಲು ಹೇಳಿದರು. "ಅವಳು ಸುಮ್ಮನೆ ಕೂತದ್ದಾದರೂ ಯಾವಾಗ, ಮಾರಾಯ?" ಎಂದರು. ಈಗ ಅದು ಅವರ ಮಂಚದ ಬಳಿ ಗೋಡೆಯ ಮೇಲಿದೆ. ಅದೇ ದಿನ ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದು, ಬೆಳಕು ಕೆನ್ನೆಯ ಮೇಲೆ ಓರೆಯಾಗಿ ಬೀಳುವಂತೆ ಮಾವನನ್ನು ಕೂರಿಸಿ ಹೊಸ ಲೆನ್ಸಿನಲ್ಲಿ ಆರು ಚಿತ್ರ ತೆಗೆದೆ. ನಾಲ್ಕು ಚೆನ್ನಾಗಿ ಬಂದವು. ಉಳಿದೆರಡರಲ್ಲಿ ಫೋಕಸ್ ಕಣ್ಣನ್ನು ಬಿಟ್ಟು ಕಿವಿಗೆ ಬಿದ್ದಿತ್ತು. ಆ ಚುಕ್ಕಿಯನ್ನು ಸರಿಸಿದವನು ನಾನೇ.